ರಾಮಪತ್ರೆ ಜಡ್ಡಿಯ ಸಸಿಗಳು ಬೇಸಿಗೆ ದಾಟಿದ ಬಗೆ

ರಾಮಪತ್ರೆ ಜಡ್ಡಿಯೆಂದರೆ ಪಶ್ಚಿಮ ಘಟ್ಟದ ಕಾಡಿನೊಳಗೆ ಜಾಯಿಕಾಯಿ ಕುಟುಂಬದ ಮರಗಳು ಬೆಳೆಯುವ ಜೌಗು. ಅಲ್ಲಿನ ಮರಗಳ ಬೀಜ ನರ್ಸರಿಯಲ್ಲಿ ಮೊಳೆತರೂ ಆ ಸಸಿಗಳು ಎರಡನೆಯ ಬೇಸಿಗೆ ದಾಟುವುದಿಲ್ಲವೆಂದು ನಮ್ಮ ಸ್ವಯಂಸೇವಕರ ಗುಂಪಿನಲ್ಲೇ ಹಲವರು ವಾದಿಸುತ್ತಿದ್ದರು. ಸಿದ್ದಾಪುರ ತಾಲ್ಲೂಕಿನ ಹಳ್ಳವೊಂದರ ಅಂಚಿನಲ್ಲಿ ನಾವು ನೆಟ್ಟ, ಇದೇ ಜಡ್ಡಿಯ ಮರವಾದ ಮಿರಿಸ್ಟಿಕಾ ಮ್ಯಾಗ್ನಿಫಿಕಾದ ಗಿಡಗಳು ಈಗ ಎದೆಯೆತ್ತರಕ್ಕೆ ಬೆಳೆದಿವೆ; ಆ ವಾದ ಮಾಡಿದವರೇ ಈಗ ಸಸಿ ಕೇಳಿಕೊಂಡು ಬರುತ್ತಾರೆ.

ಅರಣ್ಯ ಇಲಾಖೆಯ ಅನುಮತಿ ಪಡೆದು, ಮಂಗಟ್ಟೆ ಹಕ್ಕಿಗಳು ಪತ್ರೆ (ಬೀಜದ ಮೇಲಿನ ತಿರುಳಿನ ಹೊದಿಕೆ) ತಿಂದು ಉಗುಳಿದ ಬೀಜಗಳನ್ನು ಮರದಡಿಯಿಂದ ಆಯ್ದುಕೊಂಡೆವು. ಮೊದಲ ವರ್ಷ ಗೋಣಿಚೀಲದಲ್ಲಿ ತುಂಬಿ ತಂದ ಸಾವಿರದಷ್ಟು ಬೀಜಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲಿ ಬೆವೆತು ಬೂಸ್ಟು ಹಿಡಿದವು. ಜೀಪಿನ ಬಾಡಿಗೆಯೇ ನಾಲ್ಕೈದು ಸಾವಿರ ರೂಪಾಯಿ ಆಗಿತ್ತು. ಉಳಿದವು ಮೊಳೆತರೂ, ಗಿಡ್ಡ ಚೀಲದ ತಳದಲ್ಲಿ ತಾಯಿಬೇರು ಸುರುಳಿ ಸುತ್ತಿ ಮಾರ್ಚ್ ಹೊತ್ತಿಗೆ ಒಣಗಿಹೋದವು. ಮರುವರ್ಷ, ಜಡ್ಡಿಯ ಮರಕ್ಕೆ ನೀರೇ ಬೇಕಲ್ಲವೇ ಎಂದು ಟಾರ್ಪಾಲಿನ ತೊಟ್ಟಿಯಲ್ಲಿ ಚೀಲಗಳನ್ನು ನಿಲ್ಲಿಸಿದಾಗ ಬೇರುಗಳೆಲ್ಲ ಕಪ್ಪಾಗಿ ಕೊಳೆತವು. ತೊಟ್ಟಿ, ಪಂಪು, ಕೂಲಿ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಕೈಬಿಟ್ಟಿತು. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಜೇಬಿನದು.

ಜಡ್ಡಿಯ ನೀರು ನಿಂತದ್ದಲ್ಲ, ಸದಾ ಜಿನುಗಿ ಹರಿಯುವಂಥದ್ದು. ಜಡ್ಡಿಯ ಇನ್ನೊಂದು ಮರವಾದ ಜಿಮ್ನಾಕ್ರಾಂತೆರಾ ಕೆನರಿಕಾ ಮಂಡಿಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಉಸಿರಾಡುತ್ತದೆ, ಮ್ಯಾಗ್ನಿಫಿಕಾ ಕಾಂಡದಿಂದ ಆಸರೆಬೇರುಗಳನ್ನು ಇಳಿಬಿಡುತ್ತದೆ. ಎಳೆಯ ಸಸಿಗೆ ಇವೆರಡೂ ಇರುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲೂ ಬತ್ತದ ಅಡಿಕೆ ತೋಟದ ಬಸಿಗಾಲುವೆಯೊಂದನ್ನು ಹಿಡಿದು, ಒಂದಡಿಗಿಂತ ಉದ್ದದ ಚೀಲಗಳನ್ನು ತಳದ ಮೂರನೆಯ ಒಂದು ಪಾಲಷ್ಟೇ ನೆನೆಯುವಂತೆ ಸಾಲಾಗಿ ಇರಿಸಿದೆವು. ಬೀಜಗಳನ್ನು ಒದ್ದೆ ತರಗೆಲೆಯಲ್ಲಿ ಸುತ್ತಿ ತಂದು ಅದೇ ಸಂಜೆ ಬಿತ್ತಿದೆವು. ಆ ವರ್ಷ ಬಿತ್ತಿದ ಐನೂರರಲ್ಲಿ ಮುನ್ನೂರಕ್ಕೂ ಹೆಚ್ಚು ಸಸಿಗಳು ಎರಡು ಬೇಸಿಗೆ ದಾಟಿದವು. ನನಗೆ ತಿಳಿದಂತೆ ನಮ್ಮ ಸುತ್ತಮುತ್ತ ಇಷ್ಟನ್ನು ಯಾರೂ ಉಳಿಸಿಕೊಂಡಿರಲಿಲ್ಲ. ಖರ್ಚು ಸಸಿಯೊಂದಕ್ಕೆ ಹದಿನೈದು ರೂಪಾಯಿಯೊಳಗೆ ಮುಗಿಯಿತು. ಚೀಲದ ಮಣ್ಣಿಗೆ ಏನು ಬೆರೆಸಿದೆವು, ಏಡಿಗಳ ಕಾಟವನ್ನು ಹೇಗೆ ತಪ್ಪಿಸಿದೆವು ಎಂಬುದನ್ನು ನಮ್ಮೊಂದಿಗೆ ಒಂದು ಮಳೆಗಾಲ ಕೆಸರು ತುಳಿದವರಿಗೆ ಮಾತ್ರ ಹೇಳುತ್ತೇನೆ.

ಪ್ಲಾಸ್ಟಿಕ್ ಬೇಡವೆಂದು ನಡುವೆ ಅಡಿಕೆ ಹಾಳೆಯ ಕೊಟ್ಟೆಗಳನ್ನೂ ಕಟ್ಟಿ ನೋಡಿದ್ದುಂಟು. ಶ್ರಾವಣದೊಳಗೇ ಅವು ಕರಗಿಹೋದವು.

ಈಗ ಕೈಯಲ್ಲಿರುವುದು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಸಿದ್ದಾಪುರ ತಾಲ್ಲೂಕಿನದೇ ಆದ ಕತ್ತಲೆಕಾನು ಕಾಡಿನ ಜಡ್ಡಿಯಲ್ಲಿ ಕಂಡು, 2000ದಲ್ಲಿ ವಿಜ್ಞಾನಕ್ಕೆ ಹೊಸದೆಂದು ದಾಖಲಾದ, ಗೇರಿನ ಕುಟುಂಬದ ಈ ಮರದಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ತಿಳಿಯದ ಕಾರಣ, ಹತ್ತಾರು ಸಸಿಗಳನ್ನು ಅಲ್ಲಲ್ಲಿ ಒಂಟಿಯಾಗಿ ಹಂಚದೆ ಐದಾರರ ಗುಂಪುಗಳಾಗಿ ನೆಡುತ್ತಿದ್ದೇವೆ.