ಗೋಲ್ ಕಾಯ್ದು ಕಟ್ಟಿಕೊಂಡ ಬದುಕು

ನಾನು ಭಾರತ ತಂಡದ ಅಂಗಿ ಹಾಕಿದವನಲ್ಲ. ರಾಜ್ಯಕ್ಕೆ ಹಾಕಿ ಆಡಿದೆ. ಆಮೇಲೆ ಸರ್ಕಾರಿ ಇಲಾಖೆಯೊಂದರ ತಂಡದಲ್ಲಿ ವರ್ಷಗಟ್ಟಲೆ ಗೋಲ್ ಕಾಯ್ದೆ. ಮನೆ ಕಟ್ಟಿದ್ದು, ತಂಗಿಯನ್ನು ಓದಿಸಿದ್ದು ಎಲ್ಲ ಆ ಸಂಬಳದಲ್ಲೇ.

ಕೊಡಗಿನಲ್ಲಿ ಹಾಕಿ ಆಡ್ತೀನಿ ಅಂದರೆ ಸಾಕು, ‘ಇಂಡಿಯಾಗೆ ಆಡಿದ್ದೀಯಾ?’ ಅಂತ ಕೇಳುತ್ತಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಹುಟ್ಟಿದ ಜಿಲ್ಲೆ ಇದು. ಕೇಳುವುದು ತಪ್ಪಲ್ಲ. ಆದರೆ ಇಂಡಿಯಾ ಕ್ಯಾಂಪ್ ತಲುಪುವವರು ಬೆರಳೆಣಿಕೆ. ಅದರ ಕೆಳಗೆ ರೈಲ್ವೆ, ಸೇನೆ, ಬ್ಯಾಂಕ್, ತೈಲ ಕಂಪನಿಗಳ ತಂಡಗಳಲ್ಲಿ ಆಡಿಕೊಂಡು ಗೌರವವಾಗಿ ಬದುಕಿದವರು ಬಹಳ ಜನ. ನಾನು ಹೋದದ್ದು ಆ ದಾರಿಯಲ್ಲಿ.

ಶುರುವಾದದ್ದು ನಮ್ಮೆಲ್ಲರ ಹಾಗೆ ಒಕ್ಕದ, ಅಂದರೆ ಕೊಡವ ಮನೆತನದ ತಂಡದಿಂದ. ಒಕ್ಕಗಳ ನಡುವಿನ ಕೌಟುಂಬಿಕ ಹಾಕಿ ಟೂರ್ನಿಯನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ ಬಂದದ್ದು 360. ಅಜ್ಜ, ಸೊಸೆ, ಹೈಸ್ಕೂಲ್ ಹುಡುಗ ಒಂದೇ ತಂಡದಲ್ಲಿ ಆಡುವುದು ಬೇರೆಲ್ಲಿ ಸಿಗುತ್ತದೆ? ನಮ್ಮ ಒಕ್ಕದಲ್ಲಿ ಅಣ್ಣಂದಿರೆಲ್ಲ ಫಾರ್ವರ್ಡ್. ಗೋಲಿಗೆ ಯಾರೂ ಇರಲಿಲ್ಲ. ನಾನು ನಿಂತೆ, ಇಷ್ಟವಾಯಿತು. ಅಪ್ಪ ಆಗ ಎ.ಬಿ. ಸುಬ್ಬಯ್ಯ ಅವರ ಹೆಸರು ಹೇಳಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲ್ ಕಾಯ್ದವರು ನಮ್ಮ ಜಿಲ್ಲೆಯವರು ಎಂದು ತಿಳಿದ ಮೇಲೆ ಬೇರೆ ಜಾಗದಲ್ಲಿ ಆಡಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಹೋದಾಗ ಗೋಲಿಗೆ ನಿಂತದ್ದರ ಲಾಭ ಗೊತ್ತಾಯಿತು. ಫಾರ್ವರ್ಡ್ ಹುಡುಗರ ಸಾಲು ಮೈದಾನ ದಾಟಿತ್ತು. ಕೀಪರ್‌ಗಳು ಒಂದು ಬೆಂಚಿನಲ್ಲಿ ಕೂರುವಷ್ಟು. ಪ್ರತಿ ತಂಡಕ್ಕೂ ಇಬ್ಬರು ಕೀಪರ್ ಬೇಕೇ ಬೇಕು, ತಯಾರಾಗುವವರು ಕಡಿಮೆ. ಕಿಟ್ ದುಬಾರಿ ಎಂಬುದೇ ದೊಡ್ಡ ಕಾರಣ. ಲೆಗ್ ಗಾರ್ಡ್, ಪಾದಕ್ಕೆ ಕಟ್ಟುವ ಕಿಕರ್, ಚೆಸ್ಟ್ ಗಾರ್ಡ್, ಎರಡು ಕೈಯ ಪ್ಯಾಡ್, ಹೆಲ್ಮೆಟ್ ಸೇರಿಸಿ ಒಳ್ಳೆಯ ವಿದೇಶಿ ಸೆಟ್ ಹೊಸದಾಗಿ ಕೊಂಡರೆ ಲಕ್ಷ ದಾಟುತ್ತದೆ. ಹಾಸ್ಟೆಲಿನ ಕಿಟ್‌ನಲ್ಲೇ ನಾನು ಬೆಳೆದೆ.

ಮಣ್ಣಿನ ಮೈದಾನದಿಂದ ಟರ್ಫ್‌ಗೆ, ಅಂದರೆ ಕೃತಕ ಹುಲ್ಲಿನ ಮೈದಾನಕ್ಕೆ ಹೋದಾಗ ಮೊದಲು ಬದಲಾಗಬೇಕಾದದ್ದು ಕಾಲು. ಮಣ್ಣಿನಲ್ಲಿ ಚೆಂಡು ಎಲ್ಲಿ ಪುಟಿಯುತ್ತದೆ ಹೇಳಲಾಗದು. ಅದಕ್ಕೇ ಕೊನೇ ಗಳಿಗೆಯವರೆಗೆ ಕಾಯುತ್ತೇವೆ. ನೀರು ಹಾಯಿಸಿದ ಟರ್ಫ್‌ನಲ್ಲಿ ಚೆಂಡು ಗೆರೆ ಎಳೆದ ಹಾಗೆ ನೇರವಾಗಿ, ಜೋರಾಗಿ ಬರುತ್ತದೆ. ಕಾದರೆ ಹೋಯಿತು. ಮುಂದೆ ಬಂದು, ಪಾದದ ಒಳಬದಿಯಿಂದ ಚೆಂಡನ್ನು ಪಕ್ಕಕ್ಕೆ ಹೊರಳಿಸಬೇಕು. ಸುಮ್ನೆ ತಡೆದು ಮುಂದೆ ಬಿಟ್ಟರೆ ರಿಬೌಂಡ್‌ಗೆ ಇನ್ನೊಬ್ಬ ನಿಂತಿರುತ್ತಾನೆ. ಪೊನ್ನಂಪೇಟೆ ಟರ್ಫ್‌ನಲ್ಲಿ ಜೊತೆಗಾರರು ಹೋದ ಮೇಲೂ ಒಬ್ಬನೇ ಗೋಡೆಗೆ ಚೆಂಡು ಒದೆಯುತ್ತಿದ್ದೆ. ಎಡಗಾಲು ಬಲಗಾಲಿನಷ್ಟೇ ಚುರುಕಾಗುವ ತನಕ ಬಿಡಲಿಲ್ಲ.

ಕೀಪರ್‌ನ ನಿಜವಾದ ಕೆಲಸ ಪೆನಾಲ್ಟಿ ಕಾರ್ನರ್. ನಾವು ಪಿಸಿ ಅನ್ನುತ್ತೇವೆ. ಗೋಲಿನ ಹತ್ತಿರ ತಪ್ಪು ಮಾಡಿದರೆ ಎದುರಾಳಿಗೆ ಸಿಗುವ ಅವಕಾಶ ಅದು. ತಡೆಯುವ ತಂಡದಲ್ಲಿ ಕೀಪರ್ ಸೇರಿ ಐದೇ ಜನ ಬ್ಯಾಕ್‌ಲೈನ್, ಅಂದರೆ ಗೋಲ್ ಇರುವ ಗೆರೆಯ ಹಿಂದೆ ಇರಬಹುದು. ಉಳಿದವರೆಲ್ಲ ಸೆಂಟರ್ ಲೈನ್ ಆಚೆ. ಯಾರು ಮೊದಲು ನುಗ್ಗಬೇಕು, ಯಾರು ಪೋಸ್ಟ್ ಹಿಡಿಯಬೇಕು, ರಿಬೌಂಡ್ ಯಾರದು ಎಂದು ಹೇಳಬೇಕಾದವನು ಕೀಪರ್. ಅವನ ಬಾಯಿ ಗಟ್ಟಿ ಇರಬೇಕು. ಇಲಾಖೆ ತಂಡದಲ್ಲಿ ನನ್ನ ಫಸ್ಟ್ ರಶರ್, ಅಂದರೆ ಮೊದಲು ನುಗ್ಗುವವನು ಕೂಡ ಕೊಡಗಿನವನೇ. ನಾವಿಬ್ಬರೂ ನಮ್ಮ ಭಾಷೆ ಕೊಡವ ತಕ್ಕಿನಲ್ಲೇ ಕೂಗಿಕೊಳ್ಳುತ್ತಿದ್ದೆವು. ಉತ್ತರದ ತಂಡಗಳಿಗೆ ನಮ್ಮ ಪ್ಲಾನ್ ಗೊತ್ತಾಗುತ್ತಲೇ ಇರಲಿಲ್ಲ.

ಗೋಲ್ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಗೆರೆಯ ಮೇಲೇ ನಿಂತರೆ ಅಷ್ಟೂ ಜಾಗ ಎದುರಾಳಿಗೆ ಕಾಣುತ್ತದೆ. ಎರಡು ಮೂರು ಹೆಜ್ಜೆ ಮುಂದೆ ಬಂದರೆ ಕೋನ ಕಿರಿದಾಗುತ್ತದೆ. ಚೆಂಡು ಹೊಡೆಯುವ ಸರ್ಕಲ್ (ಗೋಲ್ ಮುಂದಿನ ಅರ್ಧವೃತ್ತ) ಅಂಚು ಸುಮಾರು 14.63 ಮೀಟರ್ ದೂರ. ಒಳ್ಳೆಯ ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಚಿಮ್ಮುವ ಹೊಡೆತ, ಗಂಟೆಗೆ 100 ಕಿ.ಮೀ. ಮೀರುತ್ತದೆ. ಅಂದರೆ ನಿಮಗೆ ಸಿಗುವುದು ಅರ್ಧ ಸೆಕೆಂಡ್ ಆಸುಪಾಸು. ಚೆಂಡು ನೋಡಿ ತೀರ್ಮಾನ ಮಾಡಲು ಸಮಯವೇ ಇಲ್ಲ. ನಾನು ನೋಡುತ್ತಿದ್ದದ್ದು ಫ್ಲಿಕರ್‌ನ ಮುಂಗಾಲು ಮತ್ತು ಸೊಂಟ. ಮುಂಗಾಲು ಯಾವ ಕಡೆ ತೆರೆದುಕೊಂಡಿದೆ ಎನ್ನುವುದು ಬಹಳ ಸಲ ದಿಕ್ಕು ಹೇಳುತ್ತದೆ. ಇನ್ನೊಂದು ಮುಖ್ಯ ವಿಷಯ. ಪಿಸಿಯಲ್ಲಿ ಮೊದಲ ಹೊಡೆತ ಹಿಟ್ ಆಗಿದ್ದರೆ ಚೆಂಡು ಗೋಲಿನ ಒಳಗೆ ಕೆಳಗಿರುವ 460 ಮಿಲಿಮೀಟರ್ ಎತ್ತರದ ಹಲಗೆ, ಅಂದರೆ ಬ್ಯಾಕ್‌ಬೋರ್ಡ್ ಮೀರಬಾರದು. ಫ್ಲಿಕ್‌ಗೆ ಆ ಮಿತಿ ಇಲ್ಲ. ಹಾಗಾಗಿ ಸ್ಟಿಕ್ ಹಿಂದಕ್ಕೆ ಎತ್ತಿದ್ದು ಕಂಡರೆ ತಕ್ಷಣ ಅಡ್ಡ ಬೀಳಬಹುದು. ಬಗ್ಗಿ ಎಳೆಯುತ್ತಿದ್ದರೆ ಕಾಲ ಮೇಲೇ ನಿಲ್ಲಬೇಕು. ಇದು ಪುಸ್ತಕ ಓದಿ ಬರುವುದಿಲ್ಲ. ನಮ್ಮ ತಂಡದ ಫ್ಲಿಕರ್‌ನನ್ನು ಕಾಡಿ ಬೇಡಿ, ಅಭ್ಯಾಸ ಮುಗಿದ ಮೇಲೆ ಇನ್ನಷ್ಟು ಹೊಡೆಸಿಕೊಂಡು ಕಲಿತೆ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿ ವಿರುದ್ಧ 5-4ರಲ್ಲಿ ಮುಂದಿದ್ದಾಗ ಕೊನೆಯ ಸೆಕೆಂಡುಗಳ ಪಿಸಿಯನ್ನು ಭಾರತದ ಕೀಪರ್ ಶ್ರೀಜೇಶ್ ತಡೆದದ್ದು ನೆನಪಿದೆ ಅಲ್ವಾ? ಭಾರತದ ಹಾಕಿಗೆ 41 ವರ್ಷದ ಮೇಲೆ ಒಲಿಂಪಿಕ್ಸ್ ಪದಕ. ಆ ದಿನ ದೇಶದ ಪ್ರತಿಯೊಬ್ಬ ಕೀಪರ್‌ನ ಎದೆ ಉಬ್ಬಿತ್ತು.

ಪಂದ್ಯ ಸಮ ಆದಾಗ ಗೆಲುವು ತೀರ್ಮಾನಿಸುವ ಶೂಟೌಟ್ ಬೇರೆಯದೇ ಲೆಕ್ಕ. ಎದುರಾಳಿ 23 ಮೀಟರ್ ಗೆರೆಯಿಂದ ಬರುತ್ತಾನೆ, ಅವನಿಗೆ ಇರುವುದು 8 ಸೆಕೆಂಡ್. ಗಡಿಯಾರ ಕೀಪರ್ ಕಡೆ. ನಾನು ಮೊದಲು ಬೀಳುತ್ತಿರಲಿಲ್ಲ. ಅವನನ್ನು ರಿವರ್ಸ್ ಸ್ಟಿಕ್ ಕಡೆಗೆ, ಅಂದರೆ ಸ್ಟಿಕ್ ತಿರುಗಿಸಿ ಆಡಬೇಕಾದ ಎಡಬದಿಗೆ ತಳ್ಳುತ್ತಾ ಸಮಯ ತಿನ್ನುತ್ತಿದ್ದೆ.

ಈಗ ಕೆಲಸದ ವಿಷಯ. ಪೋಷಕರು ಜಾಸ್ತಿ ಕೇಳುವುದು ಇದನ್ನೇ. ಕ್ರೀಡಾ ಕೋಟಾದಲ್ಲಿ ಆಟದ ಜೊತೆಗೆ ಕಾಗದವೂ ಮಾತಾಡುತ್ತದೆ. ಕೇಂದ್ರದ ನೇಮಕಾತಿಗೆ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ದೇಶಕ್ಕೆ ಆಡಿದ್ದರೆ ಫಾರ್ಮ್ 1, ರಾಷ್ಟ್ರೀಯ ಟೂರ್ನಿಯಲ್ಲಿ ರಾಜ್ಯಕ್ಕೆ ಆಡಿದ್ದರೆ ಫಾರ್ಮ್ 2, ಅಂತರ ವಿಶ್ವವಿದ್ಯಾಲಯಕ್ಕೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಫಾರ್ಮ್ 4. ಟೂರ್ನಿ ಮುಗಿದ ತಕ್ಷಣ ಸಹಿ ಮಾಡಿಸಿಕೊಳ್ಳಿ. ವರ್ಷ ಕಳೆದರೆ ಸಹಿ ಮಾಡಬೇಕಾದ ಅಧಿಕಾರಿಯೇ ಬದಲಾಗಿರುತ್ತಾರೆ. ನನ್ನ ಅವ್ವ ಎಲ್ಲವನ್ನೂ ಒಂದು ಟ್ರಂಕಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದರು. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು? ಟ್ರಯಲ್ ದಿನ ಆ ಕಟ್ಟು ನನ್ನ ಪ್ಯಾಡಿನಷ್ಟೇ ಉಪಯೋಗಕ್ಕೆ ಬಂತು.

ಕೆಲಸ ಸಿಕ್ಕ ಮೇಲೆ ದಿನಚರಿ ಸರಳ. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ. ಬೆಂಗಳೂರಿನಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಸ್ಟೇಡಿಯಂ ನಮ್ಮ ಎರಡನೇ ಮನೆ. ಕೋಲ್ಕತ್ತಾದ ಬೇಟನ್ ಕಪ್, ಚೆನ್ನೈನ ಮುರುಗಪ್ಪ ಗೋಲ್ಡ್ ಕಪ್, ಜಲಂಧರ್‌ನ ಸುರ್ಜಿತ್ ಟೂರ್ನಿ ಎಂದರೆ ರೈಲು, ಡಾರ್ಮಿಟರಿ, ಒದ್ದೆ ಕಿಟ್. ಬೇಟನ್ ಕಪ್ 1895ರಲ್ಲಿ ಶುರುವಾದದ್ದು. ಅಂಥ ಟೂರ್ನಿಯಲ್ಲಿ ಗೋಲ್ ಕಾಯ್ದದ್ದು ನನಗೆ ಈಗಲೂ ಹೆಮ್ಮೆ. ಹುಡುಗರಿಗೆ ನಾನು ಒತ್ತಿ ಹೇಳುವುದು ಒಂದಿದೆ: ಆಡುತ್ತಿರುವಾಗಲೇ ಇಲಾಖಾ ಪರೀಕ್ಷೆ ಬರೆಯಿರಿ. ನಾನು ಟೂರ್ನಿಗೆ ಹೋಗುವ ರೈಲಿನಲ್ಲಿ ಓದಿ ಪಾಸಾದೆ. ಪ್ಯಾಡ್ ಬಿಚ್ಚಿದ ಮೇಲೆ ಬಡ್ತಿ ಸಿಕ್ಕಿದ್ದು ಅದರಿಂದ.

ಹಾಕಿ ಇಂಡಿಯಾ ಲೀಗ್ 2013ರಿಂದ 2017ರವರೆಗೆ ನಡೆದು ನಿಂತಿತ್ತು, 2024ರ ಕೊನೆಗೆ ಮತ್ತೆ ಬಂತು. ಆಗಿನ ಆಟಗಾರರ ಹರಾಜಿನಲ್ಲಿ ಭಾರತ ತಂಡದ ಹರ್ಮನ್‌ಪ್ರೀತ್ ಸಿಂಗ್‌ಗೆ 78 ಲಕ್ಷ ಸಿಕ್ಕಿತು. ಹೆಣ್ಣುಮಕ್ಕಳಿಗೂ ಲೀಗ್ ಬಂದಿದೆ. ಖುಷಿಯ ವಿಷಯ. ಆದರೂ ಲೀಗ್ ಕೆಲವೇ ವಾರಗಳದ್ದು. ತಿಂಗಳ ಸಂಬಳ ಕೈಯಲ್ಲಿಟ್ಟುಕೊಂಡೇ ಅದರ ಕನಸು ಕಾಣುವುದು ಒಳ್ಳೆಯದು.

ಕೀಪರ್ ಉಳಿದವರಿಗಿಂತ ಹೆಚ್ಚು ಕಾಲ ಆಡಬಹುದು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ ಶ್ರೀಜೇಶ್‌ಗೆ 36 ವರ್ಷ. ಆದರೆ ಸೊಂಟ ಮತ್ತು ತೊಡೆಯ ಸಂದು ಸಡಿಲವಾಗಿರಬೇಕು. ಜೂನ್ ಮಳೆಯಲ್ಲಿ ಮೈದಾನ ಸಿಗದಿದ್ದಾಗ ಕಾಫಿ ಕಣದ ಶೆಡ್ಡಿನಲ್ಲಿ ದಿನವೂ ಸ್ಟ್ರೆಚಿಂಗ್ ಮಾಡುತ್ತಿದ್ದೆ. ಮೊಣಕಾಲು ಕೊನೆಯವರೆಗೂ ಕೈ ಕೊಡಲಿಲ್ಲ.

ಈಗ ರಜೆಗೆ ಊರಿಗೆ ಬಂದಾಗ ಮಕ್ಕಳಿಗೆ ಕೀಪಿಂಗ್ ಹೇಳಿಕೊಡುತ್ತೇನೆ. ಕೇಳಿಕೊಂಡು ಬರುವವರಲ್ಲಿ ಹುಡುಗಿಯರೂ ಇದ್ದಾರೆ. ಪರಿಚಯದ ತಂಡಗಳಿಂದ ಹಳೇ ಕಿಟ್ ಕೇಳಿ ತರುತ್ತೇನೆ, ಕೊಡುವವರು ಇದ್ದಾರೆ. ಮಗು ಕೀಪರ್ ಆಗುತ್ತೇನೆ ಅಂದರೆ ಮೊದಲೇ ಪೂರ್ತಿ ಸೆಟ್ ಕೊಳ್ಳಬೇಡಿ. ಲೆಗ್ ಗಾರ್ಡ್, ಕಿಕರ್ ಹಳೆಯದಾದರೂ ನಡೆಯುತ್ತದೆ, ಫೋಮ್ ಪುಡಿಯಾಗಿರದಿದ್ದರೆ ಸಾಕು. ಹೆಲ್ಮೆಟ್ ಮತ್ತು ಗಂಟಲಿನ ಗಾರ್ಡ್ ಮಾತ್ರ ಹೊಸದೇ ಇರಲಿ, ಮಗುವಿನ ತಲೆಗೆ ಸರಿಯಾಗಿ ಕೂರುವ ಅಳತೆಯದ್ದು.