ಅಂಟು ಹಿಡಿದ ಆರ್‌ಸಿ ರೇಡಿಯೋ ಮೈ ಸರಿಮಾಡಿದ್ದು

ಆರ್‌ಸಿ, ಅಂದರೆ ರೇಡಿಯೋ ಕಂಟ್ರೋಲ್ ಪುಟ್ಟ ವಿಮಾನ ಹಾರಿಸುವ ಹವ್ಯಾಸದಲ್ಲಿ ವಿಮಾನಗಳು ಬರುತ್ತವೆ, ಬೀಳುತ್ತವೆ, ಹೋಗುತ್ತವೆ. ಅವನ್ನು ನೆಲದಿಂದ ನಡೆಸುವ ಕೈಯಲ್ಲಿನ ರಿಮೋಟ್, ನಾವು ರೇಡಿಯೋ ಅಥವಾ ಸೆಟ್ ಅನ್ನುವುದು, ಮಾತ್ರ ಉಳಿಯುತ್ತದೆ. ಒಳಗಿನ ಸರ್ಕ್ಯೂಟ್ ಗಟ್ಟಿಯಾಗಿಯೇ ಇರುತ್ತದೆ, ಮೊದಲು ಹಾಳಾಗುವುದು ಅದರ ಮೈ. ಹಿಡಿಯುವ ಜಾಗ ಅಂಟಂಟಾಗುತ್ತದೆ, ಸ್ವಿಚ್ ಪಕ್ಕದ ಅಕ್ಷರ ಅಳಿಸುತ್ತದೆ, ಹೆಬ್ಬೆರಳು ತಾಗುವ ಕಡೆ ಪ್ಲಾಸ್ಟಿಕ್ ಹೊಳೆಯತೊಡಗುತ್ತದೆ. ಮಂಗಳೂರಿನ ಸೆಖೆಯಲ್ಲಿ, ಬೆವರು ಕೈಯಲ್ಲಿ ಹಾರಿಸುವ ನಮಗೆ ಇದೆಲ್ಲ ಸ್ವಲ್ಪ ಬೇಗನೇ ಬರುತ್ತದೆ. ನನ್ನ ಎರಡು ಸೆಟ್‌ಗಳನ್ನು ಮನೆಯಲ್ಲೇ ಸರಿಮಾಡಿಕೊಂಡೆ. ಮಾಡಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ.

ಮೂರೂ ತೊಂದರೆ ನೋಡಲು ಒಂದೇ ಥರ, ಆದರೆ ಕಾರಣ ಬೇರೆ ಬೇರೆ. ಅಂಟಾಗಿದ್ದರೆ ಮೇಲಿನ ಲೇಪನ ಕೊಳೆಯುತ್ತಿದೆ. ಅಕ್ಷರ ಹೋಗಿದ್ದರೆ ಶಾಯಿ ಉಜ್ಜಿಹೋಗಿದೆ. ಹೊಳಪು ಬಂದಿದ್ದರೆ ಪ್ಲಾಸ್ಟಿಕ್ಕೇ ಸವೆದಿದೆ. ಇದನ್ನು ನೋಡಿಕೊಳ್ಳದೆ ಬಾಟಲಿ ಮುಚ್ಚಳ ತೆಗೆಯಬೇಡಿ. ಒಂದಕ್ಕೆ ಮದ್ದಾಗುವುದು ಇನ್ನೊಂದನ್ನು ಹಾಳುಮಾಡುತ್ತದೆ.

ಮೊದಲು ಅಂಟು. ಹಿಡಿಯಲು ಮೆತ್ತಗಿರಲಿ ಅಂತ ಎಷ್ಟೋ ಸೆಟ್‌ಗಳ ಮೇಲೆ ರಬ್ಬರಿನಂಥ ತೆಳು ಲೇಪನ ಬಳಿದಿರುತ್ತಾರೆ. ಅದು ಹೆಚ್ಚಾಗಿ ಪಾಲಿಯುರೆಥೇನ್. ಗಾಳಿಯ ತೇವ ವರ್ಷಗಟ್ಟಲೆ ಅದರ ಒಳಗಿನ ಕೊಂಡಿಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಶಾಖ ಇದ್ದರೆ ಇನ್ನೂ ಬೇಗ. ಬಳಸದೆ ಬೀರುವಿನಲ್ಲಿಟ್ಟ ಸೆಟ್ಟಿಗೂ ಹೀಗಾಗುವುದು ಅದಕ್ಕೇ. ಕೆಲವರು ಟಾಲ್ಕಂ ಪೌಡರ್ ಹಚ್ಚುತ್ತಾರೆ. ಎರಡು ಸಲ ಹಾರಿಸುವಷ್ಟರಲ್ಲಿ ಬೆವರು ಸೇರಿ ಕೆಸರಾಗುತ್ತದೆ, ಅಷ್ಟೇ. ಕೊಳೆತ ಲೇಪನ ಮತ್ತೆ ಗಟ್ಟಿಯಾಗುವುದಿಲ್ಲ. ಪೂರ್ತಿ ತೆಗೆಯಲೇಬೇಕು.

ತೆಗೆಯಲು ನಾನು ಬಳಸಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಅಂಗಡಿಯಲ್ಲಿ ಐಪಿಎ ಅಂದರೆ ಸಾಕು. ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ತಂದಿದ್ದೆ. 99 ಪರ್ಸೆಂಟ್ ಇರುವುದನ್ನೇ ಕೇಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಇವೆರಡನ್ನೂ ಹತ್ತಿರಕ್ಕೇ ತರಬೇಡಿ. ರೇಡಿಯೋ ಕವಚ ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್. ಅಸಿಟೋನ್ ತಾಗಿದರೆ ಅದು ಕರಗುತ್ತದೆ.

ಬ್ಯಾಟರಿ ತೆಗೆದಿಟ್ಟೇ ಕೆಲಸ ಶುರುಮಾಡಬೇಕು. ಫ್ಲೈಸ್ಕೈ ಎಫ್‌ಎಸ್-ಐ6 ಥರದ ಸೆಟ್ಟಾದರೆ ನಾಲ್ಕು ಎಎ ಸೆಲ್, ಕೆಲವದರಲ್ಲಿ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಹಿಂದಿನ ಸ್ಕ್ರೂ ಬಿಚ್ಚಿ ಕವಚವನ್ನು ನಿಧಾನಕ್ಕೆ ಎತ್ತಿ, ಒಳಗೆ ಎರಡು ಭಾಗವನ್ನೂ ಸೇರಿಸುವ ವೈರ್ ಇರುತ್ತವೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಆಮೇಲೆ ಯಾವ ವೈರ್ ಎಲ್ಲಿಗೆ ಅಂತ ತಲೆ ಕೆರೆದುಕೊಳ್ಳಬೇಕಿಲ್ಲ.

ನನ್ನ ಸೆಟ್ಟಿನಲ್ಲಿ ಅಂಟು ಇದ್ದದ್ದು ಹಿಂದಿನ ಕವಚದಲ್ಲಿ ಮಾತ್ರ. ಹಾಗಾಗಿ ಅದೊಂದನ್ನೇ ಬೇರೆ ಮಾಡಿಕೊಂಡೆ. ಹಳೆ ಬನಿಯನ್ ಬಟ್ಟೆಯನ್ನು ಐಪಿಎಯಲ್ಲಿ ನೆನೆಸಿ ಅಂಟಿನ ಮೇಲೆ ಹಾಸಿ, ಕೆಲವು ನಿಮಿಷ ಬಿಟ್ಟೆ. ಆಮೇಲೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದರೆ ಹಲಸಿನ ಮೇಣದ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು. ಮೂಲೆಗಳಿಗೆ ಹಳೆ ಟೂತ್‌ಬ್ರಶ್. ಬಟ್ಟೆ ಕಪ್ಪಾದ ಕೂಡಲೇ ಬದಲಾಯಿಸಬೇಕು, ಇಲ್ಲದಿದ್ದರೆ ಒಂದು ಕಡೆಯ ಅಂಟನ್ನು ಇನ್ನೊಂದು ಕಡೆಗೆ ಬಳಿದಂತೆ. ಕಿಟಕಿ ತೆಗೆದಿರಲಿ, ಹತ್ತಿರದಲ್ಲಿ ದೀಪ, ಒಲೆ ಯಾವುದೂ ಬೇಡ. ಕೊನೆಗೆ ಪಾತ್ರೆ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಒಳಗಿನ ಪ್ಲಾಸ್ಟಿಕ್ ಚೊಕ್ಕವಾಗಿ, ಸಾದಾ ಕಪ್ಪಾಗಿ ಕಾಣಿಸಿಕೊಂಡಿತು.

ಐಪಿಎ ಎಲ್ಲ ಕಡೆಗೂ ಒಳ್ಳೆಯದಲ್ಲ. ಮುಂಭಾಗದ ಅಕ್ಷರಗಳನ್ನೂ ಅದು ಎಬ್ಬಿಸಬಹುದು. ಡಿಸ್‌ಪ್ಲೇ ಮೇಲಿನ ಕಿಟಕಿ ಅಕ್ರಿಲಿಕ್ ಆಗಿದ್ದರೆ ಸಣ್ಣ ಸಣ್ಣ ಬಿರುಕು ಬರುವ ಅಪಾಯವೂ ಇದೆ. ಕಿಟಕಿಗೆ ಸೋಪು ನೀರು ಸಾಕು. ಅಂದಹಾಗೆ, ಸಂಜೆ ಮೈದಾನದಲ್ಲಿ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ರೇಡಿಯೋ ಹಿಡಿಯಬೇಡಿ. ಅದರಲ್ಲಿ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇದ್ದರೆ ಕೆಲವು ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ಅದು ಮೆತ್ತಗೆ ಮಾಡುತ್ತದೆ.

ಲೇಪನ ಹೋದ ಮೇಲೆ ಮತ್ತೆ ಅದೇ ಥರದ ಲೇಪನ ಬಳಿಯುವ ಮನಸ್ಸು ನನಗಿರಲಿಲ್ಲ. ಅದೂ ಕೊಳೆಯುವುದೇ ತಾನೇ? ಅಂಗೈ ಕೂರುವ ಜಾಗಕ್ಕೆ ಬಣ್ಣ ಹೊಡೆಯುವುದೂ ವ್ಯರ್ಥ, ಬೆವರಿಗೆ ಎದ್ದುಹೋಗುತ್ತದೆ. ಹಿಂಬದಿಯಲ್ಲಿ ಅಂಟು ಇರುವ ಬ್ಯಾಡ್ಮಿಂಟನ್ ರ್ಯಾಕೆಟ್ ಗ್ರಿಪ್ ತಂದು, ಕಾಗದದಲ್ಲಿ ಅಳತೆ ತೆಗೆದು, ಕತ್ತರಿಸಿ ಎರಡೂ ಬದಿಗೆ ಅಂಟಿಸಿದೆ. ಹಿಡಿತ ಮೊದಲಿಗಿಂತ ಚೆನ್ನಾಗಿದೆ. ಸವೆದರೆ ಕಿತ್ತು ಬೇರೆ ಅಂಟಿಸಿದರಾಯಿತು.

ಇನ್ನೊಂದು ಸೆಟ್ಟಿನ ಕಥೆ ಬೇರೆ. ಅದು ಹುಡುಗರಿಗೆ ಹಾರಿಸಲು ಕಲಿಸುವ ರೇಡಿಯೋ. ಮೇಲಿನ ಸ್ವಿಚ್‌ಗಳ ಅಕ್ಷರ ಪೂರ್ತಿ ಹೋಗಿತ್ತು. ನನಗೇನೋ ಬೆರಳಿಗೇ ಗೊತ್ತು, ಥ್ರಾಟಲ್ ಕಟ್, ಅಂದರೆ ಮೋಟರ್ ನಿಲ್ಲಿಸುವ ಸ್ವಿಚ್, ಯಾವುದು ಅಂತ. ಹೊಸಬನಿಗೆ ಗೊತ್ತಿರಬೇಕಲ್ಲ! ಪ್ರೊಪೆಲ್ಲರ್ ಹಾಕಿದ ವಿಮಾನ ಕೈಯಲ್ಲಿದ್ದಾಗ ಮೋಟರ್ ನಿಲ್ಲಿಸುವ ಸ್ವಿಚ್ಚನ್ನು ಹುಡುಕುವಂತಿರಬಾರದು. ಚಂದಕ್ಕಿಂತ ಜಾಸ್ತಿ ಸುರಕ್ಷತೆಗೇ ಈ ಕೆಲಸ ಕೈಗೆತ್ತಿಕೊಂಡೆ.

ಕಪ್ಪು ಮೈ ಮೇಲೆ ಬಿಳಿ ಅಕ್ಷರ ಬೇಕು. ತೊಡಕು ಅಲ್ಲೇ. ನೀರಿನಲ್ಲಿ ಜಾರಿಸಿ ಅಂಟಿಸುವ ಡೆಕಾಲ್ ಕಾಗದ ಸಿಗುತ್ತದೆ, ಆದರೆ ಮನೆಯ, ಜೆರಾಕ್ಸ್ ಅಂಗಡಿಯ ಪ್ರಿಂಟರ್‌ಗಳು ಬಿಳಿ ಬಣ್ಣ ಹಾಕುವುದಿಲ್ಲ. ಬೂದು ಅಥವಾ ಬಿಳಿ ಸೆಟ್ಟಾದರೆ ಡೆಕಾಲ್ ಸರಿಹೋಗುತ್ತದೆ. ಹಿಂದೆ ಡ್ರಾಯಿಂಗ್ ಆಫೀಸುಗಳಲ್ಲಿ ಉಜ್ಜಿ ಅಂಟಿಸುತ್ತಿದ್ದ ಲೆಟ್ರಾಸೆಟ್ ಅಕ್ಷರಗಳು ಬಿಳಿಯಲ್ಲೂ ಬರುತ್ತಿದ್ದವು. ಹಳೆ ಸ್ಟೇಷನರಿ ಅಂಗಡಿಯಲ್ಲಿ ಹಾಳೆ ಸಿಕ್ಕಿದರೆ ಅದೃಷ್ಟ. ನಾನು ಮಾಡಿದ್ದು ಸುಲಭದ ದಾರಿ: ಪಾರದರ್ಶಕ ಟೇಪಿನ ಮೇಲೆ ಬಿಳಿ ಅಕ್ಷರ ಬರುವ ಲೇಬಲ್ ಪ್ರಿಂಟರ್. ಲ್ಯಾಮಿನೇಟ್ ಆದ ಟೇಪ್ ಆದರೆ ಅಕ್ಷರ ಪದರದ ಕೆಳಗಿರುತ್ತದೆ, ಬೆರಳು ತಾಗುವುದೇ ಇಲ್ಲ. ಮೊಬೈಲಿನಿಂದ ಕನ್ನಡವೂ ಪ್ರಿಂಟ್ ಆಗುವುದರಿಂದ ‘ಮೋಟರ್ ಬಂದ್’ ಅಂತಲೇ ಹಾಕಿದೆ. ಹುಡುಗರು ನಗುತ್ತಾರೆ, ಮರೆಯುವುದಿಲ್ಲ. ಅಂಟಿಸುವ ಮೊದಲು ಆ ಜಾಗದ ಕೈ ಜಿಡ್ಡು ಒರೆಸಿ, ಟೇಪಿನ ಮೂಲೆಗಳನ್ನು ಸ್ವಲ್ಪ ದುಂಡಗೆ ಕತ್ತರಿಸಿ. ಚೂಪು ಮೂಲೆ ಬೇಗ ಏಳುತ್ತದೆ.

ಡೆಕಾಲ್, ಲೆಟ್ರಾಸೆಟ್ ಬಳಸಿದರೆ ಮೇಲೆ ಮ್ಯಾಟ್ ಕ್ಲಿಯರ್ ಸ್ಪ್ರೇ ಬೇಕಾಗುತ್ತದೆ. ಮೊದಲ ಕೋಟುಗಳು ಮಂಜಿನಷ್ಟು ತೆಳು ಇರಲಿ. ಒಮ್ಮೆಗೇ ಒದ್ದೆಯಾಗಿ ಹೊಡೆದರೆ ಅದರಲ್ಲಿರುವ ದ್ರಾವಕಕ್ಕೆ ಅಕ್ಷರಗಳು ಸುಕ್ಕಾಗುತ್ತವೆ. ಮಳೆಗಾಲದಲ್ಲಿ ಸ್ಪ್ರೇ ಕೆಲಸವೇ ಬೇಡ. ತೇವ ಸೇರಿ ಬಿಳಿ ಮಬ್ಬು ಕಟ್ಟುತ್ತದೆ. ಎರಡು ಭಾಗ ಬೆರೆಸುವ 2ಕೆ ಕ್ಲಿಯರ್ ಗಟ್ಟಿ ನಿಜ, ಆದರೆ ಅದರಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ನಾನಂತೂ ಮುಟ್ಟುವುದಿಲ್ಲ.

ಹೊಳಪು ಬಂದ ಪ್ಲಾಸ್ಟಿಕ್ಕಿಗೆ ನಾನು ಏನೂ ಮಾಡಿಲ್ಲ. ಅಚ್ಚಿನಲ್ಲೇ ಬಂದಿದ್ದ ತರಿತರಿ ಮೈ ಉಜ್ಜಿಹೋಗಿದೆ. ಸ್ಕ್ರಬ್ಬರ್ ಹಾಕಿದರೆ ಗೀರು ಮಾತ್ರ ಬರುತ್ತದೆ. ಹಳದಿಯಾದ ಹಳೆ ಬಿಳಿ ಸೆಟ್ಟನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಆಗುತ್ತದೆ, ಆದರೆ ಹಳದಿ ಮತ್ತೆ ಬರಬಹುದು.

ಮುಂದಿನ ಕವಚವನ್ನೇ ಉಪ್ಪು ಕಾಗದದಿಂದ ಉಜ್ಜಿ ಬಣ್ಣ ಹೊಡೆಯುವ ಆಸೆ ಇದ್ದರೆ ಗಿಂಬಲ್‌ಗಳನ್ನು, ಅಂದರೆ ಹೆಬ್ಬೆರಳಿನ ಸ್ಟಿಕ್ ಕೂತಿರುವ ಭಾಗಗಳನ್ನು, ಬಿಚ್ಚಿ ಹೊರಗಿಡಿ. ಉಜ್ಜಿದ ಪುಡಿ ಸ್ಟಿಕ್ಕಿನ ಚಲನೆ ಅಳೆಯುವ ಪೊಟೆನ್ಶಿಯೋಮೀಟರ್ ಒಳಗೆ ಹೋದರೆ ಸರ್ವೋ, ಅಂದರೆ ವಿಮಾನದ ರೆಕ್ಕೆ, ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟರ್, ನಡುಗುತ್ತದೆ. 600ರ ಕಾಗದದಲ್ಲಿ ನೀರು ಹಾಕಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಆಮೇಲೆ ತೆಳು ಕೋಟುಗಳು. ಮುಟ್ಟಿದರೆ ಒಣಗಿದಂತೆ ಕಂಡರೂ ವಾರವಾದರೂ ಬಿಡಿ, ಇಲ್ಲದಿದ್ದರೆ ಬೆರಳಚ್ಚು ಮೂಡುತ್ತದೆ. 2.4 ಗಿಗಾಹರ್ಟ್ಸ್ ಸೆಟ್ಟಿನ ಆಂಟೆನಾ ಇರುವ ಕಡೆ ಮೆಟಾಲಿಕ್ ಬಣ್ಣ, ನಿಜವಾದ ಕಾರ್ಬನ್ ಫೈಬರ್ ಹಾಳೆ ಬೇಡ. ಸಿಗ್ನಲ್ ತಡೆಯುತ್ತವೆ. ಕಾರ್ಬನ್ ಚಿತ್ರ ಇರುವ ಸಾದಾ ವಿನೈಲ್ ಸ್ಟಿಕ್ಕರ್ ಪರವಾಗಿಲ್ಲ.

ಎಲ್ಲ ಜೋಡಿಸಿದ ಮೇಲೆ ಚಾನೆಲ್ ಮಾನಿಟರ್ (ಸ್ಟಿಕ್, ಸ್ವಿಚ್ ಚಲನೆ ತೋರಿಸುವ ಪರದೆ) ತೆರೆದು ಪ್ರತಿ ಸ್ವಿಚ್, ಪ್ರತಿ ಟ್ರಿಮ್ (ಸ್ವಲ್ಪ ಸ್ವಲ್ಪವೇ ಹೊಂದಿಸುವ ಗುಂಡಿ) ಅಲ್ಲಾಡಿಸಿ ನೋಡಿದೆ. ಸ್ಟಿಕ್ ಮಧ್ಯಕ್ಕೆ ಬಂದು ನಿಲ್ಲುತ್ತದೆಯೇ, ಸ್ಕ್ರೂ ಜಾಸ್ತಿ ಬಿಗಿದು ಸ್ವಿಚ್ ಎಲ್ಲಾದರೂ ಸಿಕ್ಕಿಕೊಳ್ಳುತ್ತಿದೆಯೇ ಅಂತ. ಆಮೇಲೆ ಪ್ರೊಪೆಲ್ಲರ್ ಬಿಚ್ಚಿದ ವಿಮಾನವನ್ನು ಮೈದಾನದಲ್ಲಿಟ್ಟು, ಸಿಗ್ನಲ್ ಶಕ್ತಿ ತಗ್ಗಿಸುವ ರೇಂಜ್ ಟೆಸ್ಟ್ ಮೋಡಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ದೂರ, ಸಾಮಾನ್ಯವಾಗಿ 30 ಹೆಜ್ಜೆಯ ಆಸುಪಾಸು, ನಡೆದು ಎಲ್ಲ ಸರ್ವೋ ನೋಡಿಕೊಂಡೆ. ಸರ್ವೋಗಳು ತಡವರಿಸದೆ ಓಡಿದ ಮೇಲೆಯೇ ಪ್ರೊಪೆಲ್ಲರ್ ಹಾಕಿದ್ದು.