ಹಳೆಯ ಮೇಲ್ ಚರ್ಚೆಗೆ ಕೈಕೊಡದ ಲಿಂಕ್ ಹಾಕುವುದು ಹೇಗೆ?

ತುಮಕೂರಿನ ಕಾಲೇಜು ಲ್ಯಾಬುಗಳಿಂದ ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಕಳಿಸುವವರು ಕಮಿಟ್ ಸಂದೇಶದಲ್ಲಿ (ತಿದ್ದುಪಡಿಯ ಜೊತೆ ಬರೆಯುವ ವಿವರಣೆಯಲ್ಲಿ) ‘ಈ ಬಗ್ಗೆ ಮೇಲಿಂಗ್ ಲಿಸ್ಟ್‌ನಲ್ಲಿ ಚರ್ಚೆ ಆಗಿದೆ’ ಎಂದಷ್ಟೇ ಬರೆದರೆ ಸಾಲದು. ಹುಣಸೆಮರದ ಪಕ್ಕದ ಹೊಲ ಎಂದರೆ ಊರಿನವರಿಗೆ ಗೊತ್ತಾಗುತ್ತದೆ, ಪಹಣಿ ತೆಗೆಸಲು ಸರ್ವೆ ನಂಬರೇ ಬೇಕು. ಮೇಲ್‌ನ ಸರ್ವೆ ನಂಬರ್ ಅದರ ಮೆಸೇಜ್-ಐಡಿ.

ಇದು ಮೇಲ್‌ನ ಹೆಡರ್‌ನಲ್ಲಿರುತ್ತದೆ (ಮೇಲ್ ಜೊತೆ ಬರುವ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ವಿವರಗಳಲ್ಲಿ): ಕೋನಾಕಾರದ ಆವರಣದೊಳಗೆ, ನಡುವೆ ‘ಅಟ್’ ಚಿಹ್ನೆ ಇರುವ ಉದ್ದನೆಯ ಅಕ್ಷರಸಾಲು. ಮೇಲ್ ಯಾವ ಆರ್ಕೈವ್ (ಹಳೆಯ ಮೇಲ್‌ಗಳ ಸಂಗ್ರಹ) ಸೇರಿದರೂ ಇದು ಅದೇ ಇರುತ್ತದೆ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ, ಥಂಡರ್‌ಬರ್ಡ್‌ನಲ್ಲಾದರೆ ಕಂಟ್ರೋಲ್-ಯು. ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ ಮಾಡಿ. ಒಂದು ಅಕ್ಷರ ತಪ್ಪಿದರೂ ಲಿಂಕ್ ಸತ್ತಂತೆ.

ಕರ್ನಲ್ ಲಿಸ್ಟ್‌ಗಳ ಆರ್ಕೈವ್ ಆದ ಲೋರ್ ಡಾಟ್ ಕರ್ನಲ್ ಡಾಟ್ ಆರ್ಗ್ ವಿಳಾಸದ ಕೊನೆಗೆ ಸ್ಲ್ಯಾಶ್, ಆರ್, ಸ್ಲ್ಯಾಶ್ ಹಾಕಿ ಐಡಿ ಅಂಟಿಸಿ. ಕೋನದ ಆವರಣ ತೆಗೆಯಿರಿ. ಐಡಿಯೊಳಗೇ ಸ್ಲ್ಯಾಶ್ ಇದ್ದರೆ ಅದರ ಬದಲು ಶೇಕಡಾ ಚಿಹ್ನೆ, 2, ಎಫ್ ಬರೆಯಿರಿ. ಇಲ್ಲದಿದ್ದರೆ ಸರ್ವರ್ ಅದನ್ನು ಬೇರೆ ಪುಟದ ದಾರಿ ಎಂದುಕೊಳ್ಳುತ್ತದೆ. ಕಮಿಟ್ ಸಂದೇಶದ ಕೊನೆಯಲ್ಲಿರುವ ಟ್ಯಾಗುಗಳ (ಹೆಸರು, ಕೋಲನ್, ವಿವರ ಇರುವ ಸಾಲುಗಳ) ಜೊತೆ ‘ಲಿಂಕ್’ ಟ್ಯಾಗ್ ಆಗಿ ಸೇರಿಸಿ. ಸಾಲು 75 ಅಕ್ಷರದ ಮಿತಿ ದಾಟಿದರೂ ಮುರಿಯಬೇಡಿ. ಬಗ್ ವರದಿಗೆ ಕೊಡುವ ಲಿಂಕ್ ಆದರೆ ‘ರಿಪೋರ್ಟೆಡ್-ಬೈ’ (ವರದಿ ಮಾಡಿದವರ ಹೆಸರಿನ) ಟ್ಯಾಗ್ ಕೆಳಗೇ ಅದು ‘ಕ್ಲೋಸಸ್’ ಟ್ಯಾಗ್ ಆಗಿ ಬರಬೇಕು.

ಥ್ರೆಡ್‌ನ (ಒಂದೇ ಚರ್ಚೆಯ ಮೇಲ್ ಸರಣಿಯ) ಮೊದಲ ಮೇಲ್‌ಗಲ್ಲ, ತೀರ್ಮಾನ ಆದ ಉತ್ತರಕ್ಕೇ ಲಿಂಕ್ ಕೊಡಿ. ನಲವತ್ತು ಉತ್ತರಗಳಲ್ಲಿ ಹುಡುಕುವ ಕೆಲಸವನ್ನು ಓದುವವರ ತಲೆಗೆ ಕಟ್ಟುವುದು ಸರಿಯಲ್ಲ.

ಬ್ರೌಸರ್‌ನ ಜಿಮೇಲ್ ವಿಳಾಸ ನಿಮ್ಮ ಖಾತೆಯಲ್ಲಿ ಬಿಟ್ಟು ಬೇರೆಲ್ಲೂ ತೆರೆಯದು. ಮೇಲಿಂಗ್ ಲಿಸ್ಟ್ ನಡೆಸುವ ಹಳೆಯ ತಂತ್ರಾಂಶ ಮೇಲ್‌ಮ್ಯಾನ್ 2ರ ಆರ್ಕೈವಿನ ಲಿಂಕ್‌ಗಳು ಕ್ರಮಸಂಖ್ಯೆಯ ಮೇಲೆ ನಿಂತಿವೆ. ಆರ್ಕೈವನ್ನು ಮತ್ತೆ ಕಟ್ಟಿದರೆ ಸಂಖ್ಯೆ ಸರಿದು ಲಿಂಕ್ ಬೇರಾವುದೋ ಮೇಲ್‌ಗೆ ಹೋಗಬಹುದು. 2016ರಲ್ಲಿ ಜಿಮೇನ್ ಎಂಬ ಆರ್ಕೈವಿನ ವೆಬ್ ಪುಟಗಳು ನಿಂತುಹೋದಾಗ ಎಷ್ಟೋ ಕಮಿಟ್‌ಗಳಲ್ಲಿದ್ದ ಲಿಂಕ್‌ಗಳು ತೆರೆಯದಾದವು. ಐಡಿ ಇರುವ ಲಿಂಕ್‌ಗೆ ಆ ಗತಿ ಬಂದರೂ ಐಡಿಯನ್ನು ಇನ್ನೊಂದು ಆರ್ಕೈವಿನಲ್ಲಿ ಹುಡುಕಬಹುದು. ಆದರೂ ತೀರ್ಮಾನ ಏನು, ಏಕೆ ಎಂಬುದನ್ನು ಎರಡು ಮೂರು ಸಾಲಿನಲ್ಲಿ ಕಮಿಟ್‌ನಲ್ಲೇ ಬರೆಯಲೇಬೇಕು. ಲಿಂಕ್ ಇರುವುದು ಪೂರ್ತಿ ಓದಬೇಕೆನ್ನುವವರಿಗೆ.

ಕಳಿಸುವ ಮೊದಲು ಲಿಂಕ್ ತೆರೆದು ನೋಡಿ. ನಿಮ್ಮದೇ ಮೇಲ್ ಸಿಗದಿದ್ದರೆ ಸ್ವಲ್ಪ ಹೊತ್ತು ಕಾಯಿರಿ. ಆಮೇಲೂ ಇಲ್ಲವೆಂದರೆ ಅದನ್ನು ಎಚ್‌ಟಿಎಂಎಲ್ ರೂಪದಲ್ಲಿ ಕಳಿಸಿದ್ದೀರಾ ನೋಡಿ: ಕರ್ನಲ್ ಲಿಸ್ಟ್‌ಗಳ ಸರ್ವರ್ ಅಂಥ ಮೇಲ್ ತಿರಸ್ಕರಿಸುತ್ತದೆ, ಆರ್ಕೈವಿಗೂ ಅದು ಸೇರುವುದಿಲ್ಲ. ಪ್ಲೇನ್ ಟೆಕ್ಸ್ಟ್‌ನಲ್ಲಿ ಮತ್ತೆ ಕಳಿಸಿ, ಹೊಸ ಐಡಿಯನ್ನೇ ಬಳಸಿ.